ಮಾಸ್ತರರ ವಿಮಾನ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಒತ್ತಾಯಪಡಿಸಿದಾಗ ನನಗೆ ಸಂಕೋಚವೇ ಆಯಿತು. ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಲ್ಲಿ ದೊಡ್ಡ ಹುದ್ದೆಗೇರಿದವರು ಅನೇಕರಿದ್ದಾರೆ. ನಾನು ಬರೆಯಬಲ್ಲದ್ದು ಒಂದು ಆಟದ ವಿಮಾನದ ಸಂಗತಿ ಮಾತ್ರ. ಅದನ್ನು ಕಣ್ಣಾರೆ ಕಂಡವರು ಓದುಗರಲ್ಲಿ ಇನ್ನೂ ಕೆಲವರಿರುವರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

1979ರಲ್ಲಿ ನಮ್ಮ ಕರಕುಶಲ ಮಾಸ್ತರರು ಎಲ್ಲಿಂದಲೋ ಬಾಲ್ಸಾ ಹಲಗೆಗಳನ್ನು ತರಿಸಿ, ಐವರು ಹುಡುಗರನ್ನು ಕೂಡಿಸಿಕೊಂಡು ವಿಮಾನವೊಂದನ್ನು ಕಟ್ಟತೊಡಗಿದರು. ರೆಕ್ಕೆ ತುದಿಯಿಂದ ತುದಿಗೆ ಒಂದೂವರೆ ಮೀಟರ್. ಬಾಲ್ಸಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ತೆಪ್ಪ. 1947ರಲ್ಲಿ ಥಾರ್ ಹೆಯರ್ಡಾಲ್ ಪೆರುವಿನಿಂದ ಹೊರಟು 101 ದಿನ ಪೆಸಿಫಿಕ್ ಸಾಗರದಲ್ಲಿ ತೇಲಿದ ಕಾನ್-ಟಿಕಿ ತೆಪ್ಪ ಈ ಮರದ್ದೇ. "ತಮ್ಮಾ, ಇದು ಕಟಗಿ ಅಲ್ಲೋ, ಗಾಳೀನ ಗಟ್ಟಿ ಆಗೇದ" ಎಂದು ಮಾಸ್ತರರು ಹಲಗೆಯನ್ನು ನಮ್ಮ ಅಂಗೈ ಮೇಲಿಟ್ಟಿದ್ದರು. ಯಾವ ಭಾಗವನ್ನು ಯಾರು ಜೋಡಿಸಿದರೋ ಆ ಭಾಗದ ಮೇಲೆ ಅವನ ಹೆಸರನ್ನು ಪೆನ್ಸಿಲ್‌ನಿಂದ ಬರೆಯುವುದು ಅವರ ಪದ್ಧತಿ. ಎಂಜಿನ್ನಿಗೆ ಹಣ ಒದಗಲಿಲ್ಲ. ಬಣ್ಣ ಕಾಣದ ಆ ವಿಮಾನ ಕಪಾಟಿನ ಮೇಲೆಯೇ ಉಳಿದು, ಅವರ ನಿವೃತ್ತಿಯೊಡನೆ ಅವರ ಮನೆ ಸೇರಿತು. 2018ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಅವರ ಮಗ ಅದನ್ನು ತಂದು ನನ್ನ ಕೈಗಿತ್ತರು.

ವಿಮಾನ ಹಾರಬೇಕು, ಹೆಸರುಗಳೂ ಉಳಿಯಬೇಕು. ಬಣ್ಣ ಬಳಿದರೆ ಅಕ್ಷರಗಳು ಮುಚ್ಚಿಹೋಗುವುವು. ಬಳಿಯದಿದ್ದರೆ ಉಗುರು ತಾಗಿದರೂ ತಗ್ಗು ಬೀಳುವ ಮೆದು ಮರವದು. ಉಳಿದ ದಾರಿ ಒಂದೇ: ತೆಳುವಾದ ಗಾಜಿನೆಳೆಯ ಬಟ್ಟೆಯನ್ನು ಹೊದಿಸಿ, ಪಾರದರ್ಶಕ ಎಪಾಕ್ಸಿಯಿಂದ ಅಂಟಿಸುವುದು. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ 1993ರಲ್ಲಿ ಮೊದಲ ಸಲ ಹಾರಿಸಿದ 'ಹಂಸ' ವಿಮಾನದ ಮೈಯಲ್ಲಿರುವುದೂ ಗಾಜಿನೆಳೆ ಮತ್ತು ಎಪಾಕ್ಸಿಯೇ.

ನಾನು ಆರಿಸಿಕೊಂಡ ಬಟ್ಟೆ ಚದರ ಮೀಟರಿಗೆ 25 ಗ್ರಾಂ ತೂಗುವಂಥದು. ರೆಕ್ಕೆಯ ಮೇಲ್ಮೈ ಕೆಳಮೈ ಎರಡೂ ಸೇರಿ ಮುಕ್ಕಾಲು ಚದರ ಮೀಟರ್. ಅಂದರೆ ಬಟ್ಟೆ ಸುಮಾರು 19 ಗ್ರಾಂ, ಎಪಾಕ್ಸಿಯೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಒಳಿತು. ಬಟ್ಟೆಯನ್ನು ಒಣಗಿದ್ದಂತೆಯೇ ಹಾಸಿ ಮೆದು ಕುಂಚದಿಂದ ಸುಕ್ಕು ತೆಗೆದಾಗ ಹೆಸರುಗಳೆಲ್ಲ ಬಿಳಿಯ ಪರದೆಯ ಹಿಂದೆ ಮಸುಕಾದುವು. ಒಂದು ಗಳಿಗೆ ಎದೆ ಝಲ್ಲೆಂದಿತು. ಬಳಿಕ ಎಪಾಕ್ಸಿಯನ್ನು ನಡುವಿನಲ್ಲಿ ಸುರಿದು, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಹೊರಗಡೆಗೆ ಮೆಲ್ಲನೆ ತಳ್ಳುತ್ತ ಹೋದೆ. ಎಪಾಕ್ಸಿ ತಲುಪಿದಲ್ಲೆಲ್ಲ ಬಟ್ಟೆ ಕಾಣದಾಯಿತು. ಮರದ ಎಳೆಗಳು, ಅವುಗಳ ಮೇಲೆ ಮಾಸ್ತರರ ದುಂಡನೆಯ ಅಕ್ಷರಗಳು, ಮೊದಲಿಗಿಂತ ಕಪ್ಪಾಗಿ ಎದ್ದು ನಿಂತುವು. ಗಾಜೂ ಎಪಾಕ್ಸಿಯೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಹೀಗಾಗುತ್ತದೆಂದು ನಾನು ಓದಿ ಬಲ್ಲೆ. ಬಲ್ಲೆನಾದರೂ ಆ ಹೊತ್ತಿನಲ್ಲಿ ಕಣ್ಣು ತೇವವಾದದ್ದು ಸುಳ್ಳಲ್ಲ.

ಹೆಚ್ಚಿನ ಎಪಾಕ್ಸಿಯನ್ನು ಮೆದು ಕಾಗದದಿಂದ ಒತ್ತಿ ತೆಗೆದು, ಒಂದು ದಿನ ಒಣಗಲು ಬಿಟ್ಟೆ. ಕೈಗವಸನ್ನು ಮರೆಯಲಾಗದು, ಎಪಾಕ್ಸಿ ಚರ್ಮಕ್ಕೆ ಹಗೆ. ಉಜ್ಜುವಾಗ ಏಳುವ ಗಾಜಿನ ಧೂಳಿಗೆ ಮೂಗನ್ನೂ ಮುಚ್ಚಿಕೊಳ್ಳಬೇಕು.

ರೆಕ್ಕೆ ಸುಗಮವಾಯಿತು. ಅದರಿಂದ ಬಂದ ಅಹಂಕಾರವೋ ಏನೋ, ಬಾಲದ ಕೆಲಸವನ್ನು ಶ್ರಾವಣದ ಜಡಿಮಳೆಯಲ್ಲಿಯೇ ಕೈಗೆತ್ತಿಕೊಂಡೆ. ಮರುದಿನ ನೋಡಿದರೆ ಮೈಯೆಲ್ಲ ಮಂಕು, ಮುಟ್ಟಿದರೆ ಜಿಡ್ಡು. ಗಾಳಿಯ ತೇವದಿಂದ ಎಪಾಕ್ಸಿಯ ಮೇಲೆ ಇಂಥ ಪೊರೆ ಕಟ್ಟುವುದುಂಟು. ಅದು ನೀರಿಗೇ ಕರಗುತ್ತದೆ, ತೊಳೆದರೆ ಸಾಕಿತ್ತು. ನನಗದು ಆಗ ತಿಳಿಯದು. ಮರಳುಕಾಗದ ಹಿಡಿದು ಉಜ್ಜಿದೆ. ಕಾಗದ ಜಿಡ್ಡುಗಟ್ಟಿದಷ್ಟೂ ಒತ್ತಿ ಉಜ್ಜಿದೆ. ಬಟ್ಟೆ ಸವೆದು, ಮರವೂ ತೇದು, ಅಲ್ಲಿದ್ದ ಹೆಸರಿನಲ್ಲಿ ಎರಡೇ ಅಕ್ಷರ ಉಳಿದುವು. ಬೇರೊಬ್ಬರ ಕೈಯಿಂದ ತಿದ್ದಿ ಬರೆಯುವ ವಿಚಾರ ಬಂದದ್ದುಂಟು, ಮನಸ್ಸು ಒಪ್ಪಲಿಲ್ಲ. ಆ ಜಾಗಕ್ಕೆ ಬಟ್ಟೆಯ ತೇಪೆ ಹಾಕಿದ್ದರಿಂದ ಬಾಲದ ತೂಕ ಕೆಲವು ಗ್ರಾಂ ಏರಿತು. ಬಾಲದ ಒಂದು ಗ್ರಾಮಿಗೆ ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ಇಡಬೇಕಾಗುತ್ತದೆಂಬ ಲೆಕ್ಕವನ್ನೂ ತೆತ್ತೆ.

ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟದಂತೆ ಕೊನೆಗೊಂದು ವಾರ್ನಿಷ್ ಎಳೆದು, ವಿದ್ಯುತ್ ಮೋಟಾರನ್ನು ಕೂಡಿಸಿ, 2020ರ ಜನವರಿಯಲ್ಲಿ ಶಾಲೆಯ ಬಯಲಿನಲ್ಲಿ ಹಾರಿಸಿದೆವು. ಆರು ನಿಮಿಷ ಹಾರಿತು. ಕೆಳಗಿನಿಂದ ಹೆಸರುಗಳು ಕಾಣುವಂತಿರಲಿಲ್ಲ.

ಐವರಲ್ಲಿ ಬಾಲವನ್ನು ಜೋಡಿಸಿದ ಗೆಳೆಯ ಅಂದು ಬಂದಿದ್ದ. ಎರಡಕ್ಷರದ ಮೇಲೆ ಬೆರಳಾಡಿಸಿ, "ಮಾಸ್ತರು ನನ್ನ ಹೆಸರು ಪೂರ್ತಿ ಬರೀಲೇ ಇಲ್ಲ ನೋಡು" ಎಂದು ನಕ್ಕ. ನಾನೂ ನಕ್ಕು ಸುಮ್ಮನಾದೆ. ಅವನಿಗೂ ಈ ಸಂಚಿಕೆ ತಲುಪುವುದು. ಮಾಸ್ತರರು ಪೂರ್ತಿಯಾಗಿಯೇ ಬರೆದಿದ್ದರು.