ಶುದ್ಧ ಪ್ರತಿ

ನನ್ನ ಅಕ್ಷರ ದುಂಡಗಿದೆ ಎನ್ನುವುದೇ ನನ್ನ ಅನೇಕ ತಾಪತ್ರಯಗಳಿಗೆ ಮೂಲ. ಸ್ಕೂಲಿನಲ್ಲಿ ಸ್ಟಾಫ್ ಮೀಟಿಂಗಿನ ನಡಾವಳಿಯಿಂದ ಹಿಡಿದು ಬೀಳ್ಕೊಡುಗೆಯ ಮಾನಪತ್ರದವರೆಗೆ ಎಲ್ಲಕ್ಕೂ "ಮೇಡಂ, ನೀವೇ ಬರೆದುಬಿಡಿ". ಬಸವೇಶ್ವರನಗರದ ನಮ್ಮ ರಸ್ತೆಯ ಗಣೇಶನ ಚಂದಾ ಪಟ್ಟಿಗೂ ನಾನೇ ಬೇಕು. ಹೀಗಿರುವಾಗ ನನ್ನ ಮಗ ಒಂದು ಹಳೆಯ ಸ್ವಿಫ್ಟ್ ಕಾರು ತಂದು, ಅದರ ಹಿಂದಿನ ಸೀಟನ್ನು ಕಿತ್ತು ನಮ್ಮ ಮಹಡಿಯ ಮೇಲಿಟ್ಟು, "ಅಮ್ಮ, ನಾನು ಹೇಳಿದ್ದನ್ನ ಸ್ವಲ್ಪ ಬರ್ಕೊಳ್ತೀಯಾ?" ಎಂದು ಕೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. "ಫೋನಿನಲ್ಲೇ ಬರ್ಕೊಬಾರದೇನೋ?" ಎಂದೆ. ಅವನು ಗ್ರೀಸ್ ಮೆತ್ತಿದ ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಹಿಡಿದ.

ಆ ಕಾರು ಪಂದ್ಯಕ್ಕಲ್ಲ. ಓಟದ ಪಥವನ್ನು ಬಾಡಿಗೆಗೆ ಕೊಡುವ ದಿನಗಳಲ್ಲಿ ಹೋಗಿ, ಗಡಿಯಾರದ ಮೇಲೆ ಮಾತ್ರ ಜಿದ್ದು ಕಟ್ಟಿ ಸುತ್ತು ಹೊಡೆಯುವುದಕ್ಕೆ. "ಯಾರನ್ನೂ ಸೋಲಿಸೋದಿಲ್ಲ, ಎಲ್ಲಿಗೂ ಹೋಗಿ ಸೇರೋದಿಲ್ಲ, ಪೆಟ್ರೋಲು ಮಾತ್ರ ಖರ್ಚು" ಎಂದು ನಮ್ಮ ಯಜಮಾನರು ಒಂದೇ ಮಾತಿನಲ್ಲಿ ವಿಮರ್ಶೆ ಮುಗಿಸಿದರು. ಬೆಂಗಳೂರಿನಲ್ಲಿ ಸಣ್ಣ ಕಾರ್ಟಿಂಗ್ ಪಥಗಳುಂಟು. ದೊಡ್ಡ ಕಾರು ಓಡಿಸಬೇಕೆಂದರೆ ನಮ್ಮ ಹುಡುಗರು ಮದರಾಸಿನ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿಗೋ ಹೋಗುವುದು ವಾಡಿಕೆ. ಕೊಯಮತ್ತೂರಿನದು ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿಲೋಮೀಟರಿನ ಸುತ್ತು. ಕನ್ನಡದ ಮೇಷ್ಟರ ಬುದ್ಧಿ ನೋಡಿ, ಕರಿ ಎಂದರೆ ಆನೆ ಎಂದುಕೊಂಡಿದ್ದೆ. ಅದು ಫಾರ್ಮುಲಾ ಮಾರುತಿ ಎಂಬ ಪುಟ್ಟ ರೇಸ್ ಕಾರನ್ನು ರೂಪಿಸಿ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರು.

ಬರೆಯಬೇಕಾದದ್ದು ಸಸ್ಪೆನ್ಷನ್ನಿನ ವಿಷಯ. ಮೊದಮೊದಲು ನನಗೆ ಅದರ ತಲೆಬುಡ ಗೊತ್ತಾಗುತ್ತಿರಲಿಲ್ಲ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕುಳಿತು ಕೇಳಿ ಕೇಳಿ ಕಲಿತೆ. ಮುಂದಿನ ಚಕ್ರಗಳ ತಲೆ ಬಾವಿಕಟ್ಟೆಗೆ ಒರಗಿದವರ ಹಾಗೆ ಒಳಕ್ಕೆ ವಾಲಿದರೆ ಅದು ನೆಗೆಟಿವ್ ಕ್ಯಾಂಬರ್. ತಿರುವಿನಲ್ಲಿ ಕಾರು ಹೊರಕ್ಕೆ ವಾಲುವುದರಿಂದ ಟೈರಿನ ಅಂಚು ಮಾತ್ರ ನೆಲಕ್ಕೆ ಉಜ್ಜಿ ಸವೆಯದಿರಲಿ ಎಂದು ಮೊದಲೇ ಈ ಓರೆ. ಕೆಲವರು ಪಾದ ಒಳಗಿಟ್ಟು ನಡೆಯುತ್ತಾರಲ್ಲ, ಚಕ್ರಗಳ ಆ ನಡಿಗೆಗೆ ಟೋ ಎಂದು ಹೆಸರು. ಅದನ್ನು ಅಳೆಯಲು ಕಾರಿನ ಎರಡು ಪಕ್ಕಕ್ಕೂ ದಾರ ಬಿಗಿದು ಸ್ಕೇಲು ಹಿಡಿಯುತ್ತಾರೆ. ನಮ್ಮ ಮನೆಯ ಹೂ ಕಟ್ಟುವ ದಾರದ ಉಂಡೆ ಕಾಣೆಯಾದದ್ದು ಹಾಗೆ. ಪಥದಿಂದ ಕಾರು ಬಂದು ನಿಂತ ಕೂಡಲೇ ಪ್ರತಿ ಟೈರಿನ ಒಳಗೆ, ನಡುವೆ, ಹೊರಗೆ ಮೂರು ಕಡೆ ಸೂಜಿ ಚುಚ್ಚಿ ಬಿಸಿ ನೋಡುತ್ತಾರೆ. ಹೊರ ಅಂಚು ಹೆಚ್ಚು ಬಿಸಿಯಾಗಿದ್ದರೆ ಓರೆ ಸಾಲದು, ನಡುಭಾಗ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಜಾಸ್ತಿಯಾಗಿದೆ ಎಂದು ಅರ್ಥ. ಡ್ಯಾಂಪರಿನ ತಿರುಪು ರೇಡಿಯೋ ಗುಂಡಿಯಂತೆ ಕ್ಲಿಕ್ ಕ್ಲಿಕ್ ಎಂದು ತಿರುಗುತ್ತದೆ. ಆದರೆ "ಎಂಟು ಕ್ಲಿಕ್" ಎಂದು ಬರೆದರೆ ಸಾಲದು. ಪೂರ್ತಿ ಬಿಗಿದು, ಅಲ್ಲಿಂದ ಹಿಂದಕ್ಕೆ ಎಂಟು ಎನ್ನಬೇಕು.

ಬರೆಯುವ ಶಿಸ್ತನ್ನು ಮಗನಿಗೆ ಹೇಳಿಕೊಟ್ಟವನು ಅವನ ಗೆಳೆಯ. ಕೆಂಗೇರಿ ದಾರಿಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. ಅಲ್ಲಿ 2003ರಿಂದ ಅಶ್ವ ಎಂಬ ವಿದ್ಯಾರ್ಥಿಗಳ ತಂಡ ತಾನೇ ರೇಸ್ ಕಾರು ಕಟ್ಟುತ್ತ ಬಂದಿದೆ. ಅಂಥ ಸ್ಪರ್ಧೆಗಳಲ್ಲಿ ವೇಗ ಒಂದೇ ಸಾಲದಂತೆ. ಈ ಸ್ಪ್ರಿಂಗ್ ಯಾಕೆ ಹಾಕಿದಿರಿ, ಪರೀಕ್ಷೆ ಮಾಡಿದ್ದಕ್ಕೆ ಪುರಾವೆ ಎಲ್ಲಿ ಎಂದು ತೀರ್ಪುಗಾರರು ನಿಂತು ಕೇಳುತ್ತಾರಂತೆ. ಅವನು ಹೇಳಿದ ಸೂತ್ರ ಎರಡೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಬದಲಾಯಿಸಿ ನೋಡಿದ ಮೇಲೆ ಮತ್ತೆ ಮೊದಲಿನದಕ್ಕೇ ಬಂದು ನೋಡು. ಮೊದಲನೆಯದು ನನಗೆ ತಕ್ಷಣ ಹಿಡಿಸಿತು. ಸಾರು ಸಪ್ಪೆ ಎಂದು ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಸುರಿದವಳಿಗೆ ಯಾವುದರಿಂದ ರುಚಿ ಬಂತೆಂದು ಹೇಗೆ ತಿಳಿಯಬೇಕು? ಎರಡನೆಯದರ ಬೆಲೆ ಆಗ ತಿಳಿಯಲಿಲ್ಲ.

ಅಂಕಿಗಳ ಜೊತೆಗೆ ಅನ್ನಿಸಿಕೆಯನ್ನೂ ಬರೆಯಬೇಕು. ಇದು ನನಗೆ ಇಷ್ಟವಾದ ಭಾಗ. 1930ರಲ್ಲಿ ರೋಲ್ಸ್ ರಾಯ್ಸ್ ಬಿಟ್ಟು ಅಮೆರಿಕದ ಕ್ಯಾಡಿಲಾಕ್ ಸೇರಿದ ಮಾರಿಸ್ ಆಲಿ ಎಂಬ ಇಂಜಿನಿಯರು ಒಂದು ದೊಡ್ಡ ಕಾರಿಗೆ ಅಲ್ಲಿಂದಿಲ್ಲಿಗೆ ಸರಿಸಬಹುದಾದ ಭಾರಗಳನ್ನು ಕಟ್ಟಿಕೊಂಡು ಪರೀಕ್ಷೆ ಮಾಡಿದರು. ಕುಳಿತವರಿಗೆ ಯಾವಾಗ ಹಾಯೆನಿಸುತ್ತದೆ ಎನ್ನುವುದೇ ಅವರ ಮಾಪನ. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆದುವಾಗಿದ್ದರೆ ಕಾರು ತೂಗಾಡದೆ ಸಮನಾಗಿ ಹೋಗುತ್ತದೆ ಎನ್ನುವುದು ಹಾಗೆ ಕೂತವರ ಬೆನ್ನಿನಿಂದ ಹೊರಟ ಸತ್ಯ. ನನ್ನ ಮಗನ ಭಾಷೆಯೂ ಬೆನ್ನಿನದೇ. "ಮೂಗು ಹೊರಗೆ ಓಡ್ತಿದೆ." "ಬಾಲ ಹಗುರ." ನಾನು ಹಾಗೆ ಹಾಗೇ ಬರೆಯುತ್ತಿದ್ದೆ.

ಏಪ್ರಿಲ್ಲಿನ ಒಂದು ಶನಿವಾರ ಕೊಯಮತ್ತೂರಿನಲ್ಲಿ ದಿನವಿಡೀ ಓಡಿಸಿದ. ಹಿಂದಿನ ಡ್ಯಾಂಪರನ್ನು ನಾಲ್ಕು ಕ್ಲಿಕ್ ಗಟ್ಟಿ ಮಾಡಿದಾಗ ಸುತ್ತಿಗೆ 0.6 ಸೆಕೆಂಡು ಉಳಿಯಿತು. ಆ ಲೋಕದಲ್ಲಿ ಅದು ಲಾಟರಿ ಹೊಡೆದ ಹಾಗೆ. ಸಂಜೆಯ ಹೊತ್ತಿಗೆ ನೋಟುಬುಕ್ಕು ಎಣ್ಣೆ, ಸಾಂಬಾರು, ಬೆವರಿನಿಂದ ಅಸಹ್ಯವಾಗಿತ್ತು. ಅರ್ಧ ಅವನ ಕೋಳಿಕಾಲಿನ ಅಕ್ಷರ, ಅರ್ಧ ನನ್ನದು, ತುಂಬ ಕಾಟುಗಳು.

ಮೇ ತಿಂಗಳ ರಜೆಯಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ಕೆಂಪು ಅಂಚಿನ ಲೆಕ್ಕದ ಪುಸ್ತಕ ತಂದು, ಕಾಲಂ ಗೆರೆ ಹಾಕಿ, ಮೂರು ಮಧ್ಯಾಹ್ನ ಕೂತು ಎಲ್ಲವನ್ನೂ ಶುದ್ಧ ಪ್ರತಿ ಮಾಡಿದೆ. ಕಾಟು ಹೊಡೆದದ್ದನ್ನು ಬಿಟ್ಟೆ, ಪ್ರಶ್ನಾರ್ಥಕ ಚಿಹ್ನೆಗಳನ್ನು ಬಿಟ್ಟೆ. "ಬಿಸಿಲು ಜೋರು", "ಊಟ ಆದಮೇಲೆ" ಮುಂತಾದ ಕಾಡುಹರಟೆಯನ್ನೂ ಬಿಟ್ಟೆ. ಹಳೆಯದನ್ನು ರದ್ದಿ ಪೇಪರಿನ ಜೊತೆ ತೂಕಕ್ಕೆ ಹಾಕಿದೆ. ಮಗ ಪುಸ್ತಕ ನೋಡಿ, "ಅಮ್ಮ, ಇದನ್ನ ಫ್ರೇಮ್ ಹಾಕಿಸಬೇಕು" ಎಂದ. ನಾನು ಹಿಗ್ಗಿದೆ.

ನವೆಂಬರಿನಲ್ಲಿ ಮತ್ತೆ ಅಲ್ಲಿಗೇ ಹೋದೆವು. ಬೆಳಿಗ್ಗೆ ಸಣ್ಣಗೆ ಹನಿದು ನಿಂತಿತ್ತು. ಅವನು ನನ್ನ ಪುಸ್ತಕ ತೆರೆದು, ಏಪ್ರಿಲ್ಲಿನ ಆ ಚಿನ್ನದಂಥ ಸಾಲನ್ನು ನೋಡಿ, ಹಾಗೆಯೇ ತಿರುಪು ತಿರುಗಿಸಿ ಹೊರಟ. ಎರಡನೆಯ ಸುತ್ತಿನಲ್ಲಿ, ನಾನು ನೋಡನೋಡುತ್ತಿದ್ದಂತೆಯೇ, ತಿರುವಿನಲ್ಲಿ ಕಾರಿನ ಹಿಂಭಾಗ ಮುಂದಕ್ಕೆ ಬಂತು. ಒಂದು ಸಲ ಗಿರ್ರನೆ ಸುತ್ತಿತು, ಇನ್ನೊಂದು ಸಲ ಸುತ್ತಿತು, ಹುಲ್ಲು ಹಾರಿಸುತ್ತ ಹಿಮ್ಮುಖವಾಗಿ ಹೋಗಿ ಟೈರುಗಳ ಗೋಡೆಗೆ ತಗುಲಿ ನಿಂತಿತು. ಬಾಗಿಲು ತೆರೆದು ಅವನು ಇಳಿಯುವವರೆಗೆ ನಾನು ಉಸಿರಾಡಿದೆನೋ ಇಲ್ಲವೋ ತಿಳಿಯದು. ಬಂಪರು ಮುರಿದಿತ್ತು. ಅವನಿಗೆ ಏನೂ ಆಗಿರಲಿಲ್ಲ.

ಆ ಕ್ಷಣದಲ್ಲೇ ನನ್ನ ಕಣ್ಣಿಗೆ ಒಂದು ಸಾಲು ಬಂದು ನಿಂತಿತು. 0.6ರ ಕೆಳಗೆ, "ಬ್ರೇಕ್ ಬಿಟ್ಟು ತಿರುಗಿಸುವಾಗ ಬಾಲ ಹಗುರ", ಅದರ ಮೇಲೆ ಎರಡು ಗೆರೆಯ ಕಾಟು.

ಹೇಳಲೋ ಬೇಡವೋ ಎಂದು ಸೇಲಂವರೆಗೆ ಯೋಚಿಸಿದೆ. ಹೇಳದೆ ಹೋದರೆ ಯಾರಿಗೂ ತಿಳಿಯುವಂತಿರಲಿಲ್ಲ. ಸಾಕ್ಷ್ಯ ರದ್ದಿಗೆ ಹೋಗಿತ್ತಲ್ಲ. ಧರ್ಮಪುರಿ ಹತ್ತಿರ ಕಾಫಿಗೆ ನಿಂತಾಗ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಲೋಟ ತಿರುಗಿಸುತ್ತ ಕೂತು, "ಕಾಟು ಹೊಡೆದಿದ್ದು ನಾನೇ ಅಮ್ಮ" ಎಂದ. "ನನ್ನ ಡ್ರೈವಿಂಗ್ ತಪ್ಪು ಇರಬೇಕು, ಕಾರಿಂದಲ್ಲ ಅಂದ್ಕೊಂಡೆ. ಟೈಮು ಅಷ್ಟು ಚೆನ್ನಾಗಿ ಬಂದಿತ್ತು." ಮತ್ತೆ ಸ್ವಲ್ಪ ಹೊತ್ತಿಗೆ, "ಅವತ್ತು ನಾವು ವಾಪಸ್ ಹಳೇ ಸೆಟ್ಟಿಂಗಿಗೆ ಬಂದು ನೋಡಿದ್ವಾ?" ಎಂದು ಕೇಳಿದ. ನೋಡಿರಲಿಲ್ಲ. ಪಥದ ಹೊತ್ತು ಮುಗಿದಿತ್ತು. "ಮತ್ತೆ ಮೊದಲಿನದು ನೋಡಲಿಲ್ಲ, ಟೈಂ ಆಯ್ತು" ಎಂದು ಅಂಚಿನಲ್ಲಿ ಬರೆದದ್ದು ನನಗೆ ನೆನಪಾಯಿತು. ನಡೆಯದೇ ಇದ್ದ ಸಂಗತಿಯನ್ನು ಕಾಲಮ್ಮಿನಲ್ಲಿ ಎಲ್ಲಿ ತುಂಬಿಸುವುದು? ಅದನ್ನೂ ಕೈಬಿಟ್ಟಿದ್ದೆ.

ಮರುದಿನ ನಾಚಿಕೆ ಬಿಟ್ಟು ರದ್ದಿ ಅಂಗಡಿಗೆ ಹೋದೆ. ಆರು ತಿಂಗಳ ಹಿಂದಿನ ನೋಟುಬುಕ್ಕು ಎಂದು ಕೇಳಿ ಅವನು, "ಮೇಡಂ, ಅದು ಇಷ್ಟೊತ್ತಿಗೆ ಬೋಂಡಾ ಕಟ್ಟೋಕೆ ಹೋಗಿರುತ್ತೆ" ಎಂದು ನಕ್ಕ.

ಹಿಂದಿರುಗುವಾಗ ಇನ್ನೊಂದು ನೆನಪು ಚುಚ್ಚಿತು. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳನ್ನು ರಾಜಾಜಿನಗರದ ನವರಂಗ್ ವೃತ್ತದಲ್ಲಿ ವಾಹನಗಳನ್ನು ಎಣಿಸಿ ಬನ್ನಿ ಎಂದು ಕಳಿಸಿದ್ದೆ. ಒಬ್ಬ ಹುಡುಗಿಯ ಹಾಳೆ ತುಂಬ ತಿದ್ದುಪಡಿ. ಮೊದಲ ದಿನ ಮಳೆ ಬಂತು ಮಿಸ್, ಅದಕ್ಕೆ ಇನ್ನೊಂದು ದಿನ ಹೋಗಿ ಎಣಿಸಿದೆ ಎಂದಳು. "ಶುದ್ಧವಾಗಿ ಬರೆದು ತಾ" ಎಂದು ಹಾಳೆ ವಾಪಸು ಕೊಟ್ಟೆ. ಬಹುಮಾನ ಕೊಟ್ಟದ್ದು ಚೊಕ್ಕಟವಾಗಿ ಬರೆದಿದ್ದ ಹುಡುಗನಿಗೆ. ಆಟೋ 120, ಸ್ಕೂಟರ್ 340, ಬಸ್ಸು 40. ಎಲ್ಲ ಸೊನ್ನೆಯಲ್ಲೇ ಮುಗಿಯುತ್ತಿದ್ದವು. ಅವನು ನವರಂಗಿಗೆ ಹೋಗಿಯೇ ಇರಲಿಲ್ಲ ಎನ್ನುವುದು ಈಗ, ರದ್ದಿ ಅಂಗಡಿಯಿಂದ ಬರುತ್ತ, ನನಗೆ ಹೊಳೆಯಿತು.

ಫೆಬ್ರವರಿಯಲ್ಲಿ ಒಣ ಪಥದಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಮೊದಲು ಹಳೆಯ ಸೆಟ್ಟಿಂಗಿನಲ್ಲಿ ಐದು ಸುತ್ತು. ನಾಲ್ಕು ಕ್ಲಿಕ್ ಗಟ್ಟಿ ಮಾಡಿ ಐದು ಸುತ್ತು, 0.5 ಸೆಕೆಂಡು ಲಾಭ. ಆಮೇಲೆ, ಅವನಿಗೆ ಮನಸ್ಸಿಲ್ಲದಿದ್ದರೂ, ಮತ್ತೆ ಹಳೆಯದಕ್ಕೇ ಬಂದು ಐದು ಸುತ್ತು. ಈ ಸಲ ಹಳೆಯ ಸೆಟ್ಟಿಂಗೇ ಬೆಳಗಿನದಕ್ಕಿಂತ 0.4 ಚುರುಕು. ಅಂದರೆ ತಿರುಪು ಕೊಟ್ಟದ್ದು ಬರೀ 0.1. ಉಳಿದದ್ದು ಅವನ ಕೈ ಪಳಗಿದ್ದರಿಂದ, ಟೈರು ಕಾದದ್ದರಿಂದ ಬಂದದ್ದು. ಅಷ್ಟಕ್ಕೆ ನಾವು ಬಂಪರು ತೆತ್ತಿದ್ದೆವು. ಅವನ ಮುಖ ಸಪ್ಪಗಾಯಿತು. ನನಗೇನೋ ಮೂರನೆಯ ಅಂಕಿಯನ್ನು ಬರೆಯುವಾಗ ಒಳಗೊಳಗೇ ಖುಷಿಯಾಯಿತು ಎಂದರೆ ತಾಯಿಯ ಬಾಯಲ್ಲಿ ಬರುವ ಮಾತೇ ಎನ್ನುತ್ತೀರೇನೋ.

ಈಗಿರುವುದು ಹದಿನೈದು ರೂಪಾಯಿಯ ಸಾಧಾರಣ ನೋಟುಬುಕ್ಕು. ಆ ದಿನ ಊಟದ ನಂತರ ಹಿಂದಿನ ಬಲ ಟೈರಿನ ಗಾಳಿ 28 ಪೌಂಡು ಎಂದು ಬರೆದಿದ್ದೆ. ಇನ್ನೊಮ್ಮೆ ಮೀಟರು ನೋಡಿದರೆ 26. ಕೈ ತಾನಾಗಿಯೇ ರಬ್ಬರು ಹುಡುಕಿತು. ತಡೆದು, ಒಂದೇ ಗೆರೆ ಎಳೆದೆ, ಕೆಳಗಿನದು ಕಾಣುವ ಹಾಗೆ. ಪಕ್ಕದಲ್ಲಿ "26. ಮೊದಲು ನಾನು ತಪ್ಪು ಓದಿದೆ. ಸಮಯ 2-10, ಮೋಡ" ಎಂದು ಬರೆದೆ. ಅಷ್ಟರಲ್ಲಿ ಅವನು ಹೆಲ್ಮೆಟ್ಟು ಹಾಕಿಕೊಂಡು ಹಾರ್ನ್ ಹೊಡೆಯುತ್ತಿದ್ದ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಗಡಿಯಾರ ಹಿಡಿದೆ.