ಕಾಮಣ್ಣನ ಬೆಂಕಿ, ಕಾಕಾನ ನೊಗ

ಮಾಗಡಿ ಅಂದರೆ ಬೆಂಗಳೂರಿನವರಿಗೆ ಕೆಂಪೇಗೌಡರ ಮಾಗಡಿ ನೆನಪಾಗುತ್ತದೆ. ನಮ್ಮ ಮಾಗಡಿ ಅದಲ್ಲ. ಗದಗದಿಂದ ಲಕ್ಷ್ಮೇಶ್ವರದ ಕಡೆ ಹೊರಟರೆ ಸಿಗುವ, ಶಿರಹಟ್ಟಿ ತಾಲ್ಲೂಕಿನ ಹಳ್ಳಿ. ಹೊಲಕ್ಕೆ ನೀರಾಗಲೆಂದು ಮಳೆನೀರು ತಡೆದು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆಯೊಂದು ಅಲ್ಲಿದೆ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಪಟ್ಟ ಬಂತು. ನಾನು ಹೇಳುವ ಕಾಲಕ್ಕೆ ಪಟ್ಟವೂ ಇರಲಿಲ್ಲ, ಕ್ಯಾಮೆರಾ ಹೊತ್ತು ಕಾರಿನಲ್ಲಿ ಬರುವವರೂ ಇರಲಿಲ್ಲ. ಹಕ್ಕಿಗಳಿದ್ದವು, ಅವಕ್ಕೆ ಬೈಯಲು ನಮ್ಮ ಕಾಕಾ ಇದ್ದ.

ದೀಪಾವಳಿ ಮುಗಿದು ಚಳಿ ಬಿದ್ದರೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಗಲೆಲ್ಲ ಕೆರೆಯಲ್ಲಿ ತೂಕಡಿಕೆ, ಕತ್ತಲಾದರೆ ಹೊಲಗಳಲ್ಲಿ ಮೇವು. ಕಾಕಾನ ಹೊಲ ಕೆರೆಗೆ ಹತ್ತಿಕೊಂಡೇ ಇತ್ತು. ಎಳೆ ಕಡ್ಲಿಯನ್ನು ಸಾಲಿಗೆ ಸಾಲೇ ಚಿವುಟಿ ಹಾಕುತ್ತಿದ್ದವು. ಚಳಿಗಾಲ ಪೂರ್ತಿ ಆತ ಆ ಹಕ್ಕಿಗಳಿಗೆ ಬೈದ ಬೈಗುಳಗಳಲ್ಲಿ ಕೆಲವನ್ನು ಹೋಳಿಯ ದಿನ ಕೂಡ ಬಾಯಿಬಿಟ್ಟು ಅನ್ನಲು ನಮಗೆ ಧೈರ್ಯ ಸಾಲುತ್ತಿರಲಿಲ್ಲ.

ಶಿವರಾತ್ರಿ ಕಳೆಯಿತು. ಕೆರೆಯ ನೀರು ಹಿಂದೆ ಸರಿದು ದಂಡೆಗುಂಟ ಕೆಸರು ಕಂಡಿತು, ಬೇವಿನ ಗಿಡಗಳಲ್ಲಿ ಕೆಂಪು ಚಿಗುರು ಒಡೆಯಿತು. ಹುಡುಗರಿಗೆ ಆಗ ಒಂದೇ ಉದ್ಯೋಗ, ಕಾಮಣ್ಣನಿಗೆ ಕುಳ್ಳು ಕಟ್ಟಿಗೆ ಕದಿಯುವುದು. ಕೇಳಿ ತಂದದ್ದು ಕಾಮಣ್ಣನಿಗೆ ಸಲ್ಲುವುದಿಲ್ಲ. ರಾಶಿಗೆ ಬಿದ್ದದ್ದನ್ನು ಊರಗೌಡ ಬಂದರೂ ತಿರುಗಿ ಎತ್ತುವಂತಿಲ್ಲ. ಈ ಕಟ್ಟಳೆಯನ್ನು ನಾವು ಶಾಲೆಯ ಯಾವ ಪಾಠಕ್ಕಿಂತಲೂ ಚೆನ್ನಾಗಿ ಕಲಿತಿದ್ದೆವು.

ಆ ವರ್ಷ ಕಾಮಣ್ಣನನ್ನು ಕೆರೆಯ ದಂಡೆಯ ಮೇಲೇ ಸುಡಬೇಕೆಂದು ನಮ್ಮ ಗುಂಪು ಠರಾಯಿಸಿತು. ಹಲಗಿ ಕಾಯಿಸಿ ಎರಡು ಏಟು ಹಾಕಿದ್ದೇ ತಡ, ಕಾಕಾ ಬಡಿಗೆ ಹಿಡಿದು ಬಂದ.

"ಇಲ್ಲಿ ಹಲಗಿ ಬಡಿಬ್ಯಾಡ್ರಿ. ಬೆಂಕಿನೂ ಬ್ಯಾಡ. ಊರ ಮುಂದ ನಡೀರಿ."

"ಯಾಕ ಕಾಕಾ? ಅವು ಎದ್ದ ಹೋದ್ರ ನಿನಗ ಚಲೋನ ಅಲ್ಲೇನು?"

"ಹೋಗೂ ದಿನಾನ ಬಂದಾವಲೇ. ಇಷ್ಟ ದಿನ ಉಣ್ಣಿಸೇನಿ, ಹೋಗೂ ಮುಂದ ಬಡದ ಕಳಸ್ಲೇನು?"

ಚಳಿಗಾಲ ಪೂರ್ತಿ ಬೈದ ಮನುಷ್ಯ ಈತನೇನಾ ಎಂದು ನಾವು ಮುಖ ಮುಖ ನೋಡಿಕೊಂಡೆವು. ಸಿಟ್ಟು ಬಂತು. ಹೊತ್ತು ತಂದ ರಾಶಿಯನ್ನೆಲ್ಲ ಮತ್ತೆ ಊರ ಮುಂದಿನ ಬಯಲಿಗೆ ಸಾಗಿಸಬೇಕಾಯಿತು. ಸೇಡು ತೀರಿಸಿಕೊಳ್ಳಲು ಅದೇ ರಾತ್ರಿ ಆತನ ಹಿತ್ತಲಿಗೆ ನುಗ್ಗಿ, ಗೋಡೆಗೆ ಒರಗಿಸಿದ್ದ ಜಾಲಿ ಕಟ್ಟಿಗೆಯ ನೊಗವನ್ನು ತಂದು ಕುಳ್ಳಿನ ಅಡಿಗೆ ಹುಗಿದೆವು.

ಹುಣ್ಣಿಮೆಯ ದಿನ ಬೆಂಕಿ ಬಿತ್ತು. ಹಲಗಿಯ ಸದ್ದು, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವ ಗದ್ದಲ. ಹೆಂಗಸರು ಮನೆಯ ಒಲೆಗೆಂದು ಕೆಂಡ ಒಯ್ದರು. ನಾವು ಕೆಂಡದಲ್ಲಿ ಹೊಸ ಕಡ್ಲಿ ಹುರಿದು, ಬೆರಳು ಸುಟ್ಟುಕೊಂಡು ತಿನ್ನುತ್ತ ಕೂತಿದ್ದೆವು. ಅಷ್ಟರಲ್ಲಿ ಹಲಗಿಯವನು ತಾನಾಗಿ ನಿಲ್ಲಿಸಿ ಮೇಲೆ ನೋಡಿದ. ಕೆರೆಯ ಕಡೆಯಿಂದ ಗಂಟಲು ಕಟ್ಟಿದಂಥ ಕೂಗು ಎದ್ದಿತ್ತು. ಒಂದು ಸಾಲು, ಅದರ ಹಿಂದೆ ಇನ್ನೊಂದು, ನಮ್ಮ ಹೊಗೆಯನ್ನು ಬಳಸಿಕೊಂಡು ಬಡಗಣಕ್ಕೆ ತಿರುಗಿದವು. ಬೆಳದಿಂಗಳಿಗೆ ಕತ್ತುಗಳು ಎಣಿಸುವಷ್ಟು ಸ್ಪಷ್ಟ.

ಅವು ಹೋಗುವ ಹಾದಿ ಎಂಥದೆಂದು ನಾನು ಓದಿಕೊಂಡದ್ದು ಬಹಳ ತಡವಾಗಿ. ಮರಿ ಮಾಡುವುದು ಟಿಬೆಟ್, ಮಂಗೋಲಿಯಾದ ಕಡೆ, ನಡುವೆ ಹಿಮಾಲಯ. ಮೈಗೆ ಯಂತ್ರ ಕಟ್ಟಿ ಹಿಂಬಾಲಿಸಿದ ವಿಜ್ಞಾನಿಗಳು ಈ ಜಾತಿಯ ಒಂದು ಹಕ್ಕಿಯನ್ನು 7,290 ಮೀಟರ್ ಎತ್ತರದಲ್ಲಿ ದಾಖಲಿಸಿದ್ದಾರೆ. ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ. ಪರ್ವತ ಏರುವುದೂ ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ; ತಣ್ಣಗಿರುವಾಗ ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಆಸರೆ ಸಿಗುತ್ತದೆ. ಇದಾವುದೂ ಕಾಕಾನಿಗೆ ಗೊತ್ತಿರಲು ಸಾಧ್ಯವಿಲ್ಲ. ಹೋಗುವ ದಿನ ಬಂದಿದೆ ಎಂಬುದು ಮಾತ್ರ ಹೇಗೋ ಗೊತ್ತಿತ್ತು. ಕೆರೆಯ ಪಕ್ಕದಲ್ಲೇ ಬೇಸಾಯ ಮಾಡಿದವನಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

ಕೊನೆಯ ಸಾಲು ದಾಟಿದ ಮೇಲೆ ಕಾಕಾ ಕತ್ತು ಇಳಿಸಿದ. ಇಳಿಸಿದ್ದು ನೇರ ಬೆಂಕಿಯ ಕಡೆಗೆ. ನೊಗಕ್ಕೆ ಬಡಿದಿದ್ದ ಕಬ್ಬಿಣದ ಪಟ್ಟಿ ನಿಗಿನಿಗಿ ಕೆಂಪಾಗಿತ್ತು.

"ಅದ ಯಾರ್ದಲೇ?"

ಯಾರೂ ಉಸಿರೆತ್ತಲಿಲ್ಲ. ಕಟ್ಟಳೆ ಆತನಿಗೂ ಗೊತ್ತಿದ್ದರಿಂದ ಕೈ ಹಾಕಲಿಲ್ಲ. ಮರುದಿನ ನಾವು ಬಣ್ಣದಲ್ಲಿ ಮುಳುಗಿದ್ದಾಗ ಬಡಿಗೇರನ ಮನೆಗೆ ಹೋಗಿ ಹೊಸ ನೊಗಕ್ಕೆ ಹೇಳಿಬಂದ. ದುಡ್ಡು ನಮ್ಮ ಅಪ್ಪಂದಿರು ಕೊಡಬೇಕೆಂದೂ ಹೇಳಿದ್ದ. ಮನೆಯಲ್ಲಿ ಬಿದ್ದ ಏಟುಗಳ ಲೆಕ್ಕ ಇಲ್ಲಿ ಬೇಡ. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಚಳಿಗಾಲ ಹಕ್ಕಿ ಬಂದಾಗ ಕಡ್ಲಿ ಹೊಲ ಕಾಯುವ ಪಾಳಿ ನಮ್ಮ ತಲೆಗೆ ಕಟ್ಟಿದ, ಅದೂ ಕವಣೆ ಕಸಿದುಕೊಂಡು.

"ಕಲ್ಲ ಒಗ್ಯಾಂಗಿಲ್ಲ. ಲಬೋ ಲಬೋ ಅನ್ನಾಕ ಬರತೈತಲ್ಲ, ಅದನ್ನ ಅಲ್ಲಿ ಅನ್ರಿ."