ನಂಟು ಹುಡುಕುವ ಸುಖ

ನಿಘಂಟು ಓದುವ ಅಭ್ಯಾಸ ಇರುವವರಿಗೆ ಗೊತ್ತು, ತಿಳಿಯದ ಪದಕ್ಕಿಂತ ಚೆನ್ನಾಗಿ ತಿಳಿದಿರುವ ಪದವನ್ನು ಹುಡುಕುವುದರಲ್ಲೇ ಹೆಚ್ಚು ಸುಖ. ದಿನಾ ಆಡುವ ಮಾತಿಗೆ ಎಂಥೆಂಥ ಬಳಗವಿದೆ ಎಂಬುದು ಆಗ ಕಾಣುತ್ತದೆ. ನನ್ನ ಮೇಜಿನ ಮೇಲೆ ಎರಡು ಪುಸ್ತಕ ಸದಾ ಇರುತ್ತವೆ: ಬಾಸೆಲ್ ಮಿಷನ್‌ನವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿದ ಕಿಟೆಲ್ ಕೋಶದ ಮರುಮುದ್ರಣ, ಮತ್ತು ಬರೋ–ಎಮೆನೊ ಜೋಡಿ 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ವ್ಯುತ್ಪತ್ತಿ ಕೋಶ. ರಾತ್ರಿ ಊಟ ಮುಗಿಸಿ ಇವನ್ನು ತೆರೆದು ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಹೀಗೆ ಹುಡುಕಿದ ಪದಗಳಲ್ಲಿ ನನಗೆ ಬಹಳ ಆಪ್ತವಾದದ್ದು ‘ನಂಟು’. ಅದರ ಸೊನ್ನೆಯೊಳಗೆ ಒಂದು ಣಕಾರ ಅಡಗಿದೆ. ನಿಧಾನವಾಗಿ ಹೇಳಿ ನೋಡಿ, ನಾಲಿಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಆ ಣಕಾರದ ಜಾಡು ಹಿಡಿದು ಹೋದರೆ ತಮಿಳಿನ ‘ನಣ್ಣು’ ಸಿಗುತ್ತದೆ. ಹತ್ತಿರ ಬರು, ಸೇರು ಎಂದು ಅದರ ಅರ್ಥ. ಪಕ್ಕದಲ್ಲೇ ‘ನಣ್ಬನ್’, ‘ನಟ್ಪು’, ಅಂದರೆ ಗೆಳೆಯ, ಗೆಳೆತನ. ಒಂದೇ ಬೇರು ತಮಿಳರಿಗೆ ಗೆಳೆಯನನ್ನು ಕೊಟ್ಟಿತು, ನಮಗೆ ನೆಂಟನನ್ನು.

ಸಂಬಂಧ ಹೇಳುವ ಬೇರೆ ಪದಗಳ ಜೊತೆ ಇಟ್ಟು ನೋಡಿದರೆ ಇದರ ಚೆಲುವು ಇನ್ನೂ ತಿಳಿಯುತ್ತದೆ. ಬಂಧು ಎಂಬಲ್ಲಿ ಕಟ್ಟಿದೆ. ದಾಯಾದಿ ಎಂಬಲ್ಲಿ ಆಸ್ತಿಯ ಪಾಲಿದೆ. ಒಡಹುಟ್ಟು ಎಂಬುದು ಜೊತೆಗೆ ಹುಟ್ಟಿದ್ದರಿಂದ ಬಂದದ್ದು. ನಂಟಿಗೆ ಇವು ಯಾವುವೂ ಬೇಡ, ಹತ್ತಿರ ಬಂದರೆ ಸಾಕು. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಈ ಅರ್ಥಕ್ಕೆ ಇನ್ನೂ ಜೀವವಿದೆ. ಒಂದೇ ಕುಲದವರು ‘ಅಣ್ಣತಮ್ಮಂದಿರು’, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಕೊಟ್ಟು ತಂದವರು ‘ನೆಂಟರು’. “ಅವರ ಮನೇಲಿ ನೆಂಟಸ್ತನ ಮಾಡಿದೀವಿ” ಎಂದರೆ ಮದುವೆಯಾಗಿದೆ ಎಂದೇ ಲೆಕ್ಕ. ಹೊರಗಿನವರಾಗಿದ್ದವರು ಹತ್ತಿರ ಬಂದರು, ನೆಂಟರಾದರು. ಹಾಗೆ ಬಂದವರು ಉಂಡು ಹೋಗಬೇಕಲ್ಲ, ಅದಕ್ಕೇ ಅಕ್ಕಿಯ ಮೇಲಿನ ಆಸೆ, ನೆಂಟರ ಮೇಲಿನ ಪ್ರೀತಿ ಒಂದೇ ಗಾದೆಯಲ್ಲಿ ಸೇರಿವೆ.

ಇಂಥ ಪದ ಈಗ ಪತ್ರಿಕೆಯ ತಲೆಬರಹಗಳಲ್ಲಿ ‘ಉಗ್ರರ ನಂಟು’, ‘ಡ್ರಗ್ಸ್ ನಂಟು’ ಎಂದು ದುಡಿಯುತ್ತಿದೆ. ಎರಡೇ ಅಕ್ಷರ, ಅಂಕಣದ ಅಗಲಕ್ಕೆ ಒದಗುತ್ತದೆ, ಒಪ್ಪುತ್ತೇನೆ. ಆದರೂ ಓದುವಾಗ ನೋವಾಗುತ್ತದೆ. ಅಲ್ಲಿಗೆ ‘ಸಂಪರ್ಕ’ ಸಾಕಾಗಿತ್ತು.

ಪದಗಳ ನಂಟು ಹುಡುಕುವವರು ಮೊದಲು ಕಲಿಯಬೇಕಾದದ್ದು ಹೋಲಿಕೆಗೆ ಮರುಳಾಗದಿರುವುದನ್ನು. ಉತ್ತರ ಕರ್ನಾಟಕದಲ್ಲಿ ‘ಬದನಾಮಿ’ ಎನ್ನುತ್ತಾರಲ್ಲ, ಅದರಲ್ಲಿರುವ ಪಾರಸಿಯ ‘ಬದ್’ಗೂ ಇಂಗ್ಲಿಷಿನ ‘ಬ್ಯಾಡ್’ಗೂ ದನಿ ಒಂದೇ, ಅರ್ಥವೂ ಒಂದೇ, ನಂಟು ಮಾತ್ರ ಇಲ್ಲ. ಸಂಸ್ಕೃತದ ‘ಚಕ್ರ’ಕ್ಕೂ ಇಂಗ್ಲಿಷಿನ ‘ವ್ಹೀಲ್’ಗೂ ಒಂದಕ್ಷರ ಕೂಡುವುದಿಲ್ಲ, ಆದರೆ ಅವು ಒಂದೇ ಮೂಲದವು. ಮುಖ ನೋಡಿ ನಂಬುವಂತಿಲ್ಲ. ದನಿ ಯಾವ ಕ್ರಮದಲ್ಲಿ ಮಾರ್ಪಟ್ಟಿತು ಎಂಬುದೇ ಸಾಕ್ಷಿ. ತಮಿಳಿನ ‘ಪಾಲ್’ ನಮ್ಮಲ್ಲಿ ಹಾಲು, ‘ಪಲ್’ ಹಲ್ಲು, ‘ಪುಲಿ’ ಹುಲಿ. ಒಂದು ಕಡೆ ಪಕಾರ ಹಕಾರವಾದರೆ ಹತ್ತಾರು ಕಡೆ ಹಾಗೇ ಆಗಿರುತ್ತದೆ.

ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಕಕಾರದ ಕಥೆ. ಇಕಾರ ಎಕಾರಗಳ ಮುಂದೆ ತಮಿಳು, ಮಲಯಾಳ, ತೆಲುಗುಗಳಲ್ಲಿ ಕಕಾರ ಹೋಗಿ ಚಕಾರ ಬಂದಿತು. ಕನ್ನಡ ಹಳೆಯ ದನಿಯನ್ನು ಬಿಡಲಿಲ್ಲ. ನಮ್ಮ ‘ಕೆರೆ’ ತೆಲುಗಿನಲ್ಲಿ ‘ಚೆರುವು’. ನಮ್ಮ ‘ಕಿವಿ’ ಅವರೆಲ್ಲರ ‘ಚೆವಿ’. ಈ ಕಿವಿಯ ಹಿಂದೆ ಬಿದ್ದು ಒಂದು ರಾತ್ರಿ ಬಹಳ ದೂರ ಹೋದೆ. ಜಾರ್ಖಂಡ್ ಕಡೆಯ ಕುರುಖ್ ಭಾಷೆಯಲ್ಲಿ ಅದು ‘ಖೆಬ್ದಾ’. ಅಲ್ಲಿಗೆ ನಿಲ್ಲುತ್ತದೆ ಎಂದುಕೊಂಡರೆ ನಿಲ್ಲಲಿಲ್ಲ. ಅದೇ ನಮೂದಿನಲ್ಲಿ ಬ್ರಾಹುಯಿ ಭಾಷೆಯ ‘ಖಫ್’ ಇತ್ತು. ಬ್ರಾಹುಯಿ ಆಡುವವರು ಇರುವುದು ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಕಲಾತ್ ಸುತ್ತಿನ ಗುಡ್ಡಗಳಲ್ಲಿ. ನಮ್ಮ ಅವರ ನಡುವೆ ಹಿಂದಿ, ಮರಾಠಿ, ಸಿಂಧಿಗಳ ಇಡೀ ಸೀಮೆಯೇ ಇದೆ.

ತಡೆಯಲಾರದೆ ಕಣ್ಣಿನ ಪುಟಕ್ಕೆ ಹೋದೆ. ಬ್ರಾಹುಯಿಯಲ್ಲಿ ಕಣ್ಣು ‘ಖನ್’. ಬಾಯಿ ಹುಡುಕಿದೆ. ಅಲ್ಲಿ ಅದು ‘ಬಾ’. ಹತ್ತಿರ ಬರುವುದು ಎಂಬ ಅರ್ಥದಿಂದ ಹುಟ್ಟಿದ ನಂಟು ಅಷ್ಟು ದೂರದ ಮುಖಕ್ಕೂ ನಮ್ಮ ಮುಖಕ್ಕೂ ಸಲ್ಲುತ್ತಿದೆ. ಮೂಗಿನ ಜಾಡು ಇನ್ನೂ ಹಿಡಿದಿಲ್ಲ. ಮುಂದಿನ ಬಿಡುವಿಗೆ ಅದನ್ನು ಉಳಿಸಿಕೊಂಡಿದ್ದೇನೆ.